ನೆಲಕ್ಕೆ ಕರೆದ ಹಾಲು

ವಾರದ ಆರು ದಿನ ಟಿರ್ಜಾ ಎರಡು ಕೈಗೆ ಎರಡು ಬಕೆಟ್ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದಳು. ಏಳನೆಯ ದಿನ ಬರಿಗೈ. ಮೂರು ಕಾಲಿನ ಮಣೆ ಎಳೆದುಕೊಂಡು, ಮಲ್ಕಾ ಎಂಬ ಕಪ್ಪುಬಿಳಿ ಹಸುವಿನ ಪಕ್ಕೆಗೆ ಹಣೆ ಆನಿಸಿ ಕೆಚ್ಚಲಿಗೆ ಕೈಹಾಕಿದರೆ ಹಾಲು ಸೀದಾ ಸಿಮೆಂಟು ನೆಲಕ್ಕೆ. ಬಕೆಟ್ಟಿಗೆ ಬೀಳುವ ಹಾಲಿಗೆ ಒಂದು ನಾದವಿರುತ್ತದೆ, ಬಕೆಟ್ಟು ತುಂಬಿದ ಹಾಗೆಲ್ಲ ಅದು ದಪ್ಪವಾಗುತ್ತದೆ. ನೆಲಕ್ಕೆ ಬೀಳುವ ಹಾಲಿಗೆ ಅದಿಲ್ಲ. ಮೊದಲ ಹಸುವಿನಿಂದ ಹದಿನಾರನೆಯ ಹಸುವಿನವರೆಗೂ ಯಾರೋ ಉಗುಳುತ್ತಿರುವಂಥ ಒಂದೇ ಸದ್ದು. ಹಾಲು ಮೋರಿ ಹಿಡಿದು ಗೊಬ್ಬರದ ಗುಂಡಿಗೆ ಹರಿಯುತ್ತಿತ್ತು. ಕಿಬ್ಬುತ್ಸ್ ಎಂಬ ಆ ಕೂಡುದುಡಿಮೆಯ ಊರಿನ ಬೆಕ್ಕುಗಳಿಗೆ ಶಬ್ಬಾತ್ ಯಾವಾಗ ಬರುತ್ತದೆಂದು ಪಂಚಾಂಗ ನೋಡದೆಯೇ ತಿಳಿಯುತ್ತಿತ್ತು.

ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಯಹೂದಿಗಳ ಬಿಡುವಿನ ದಿನ, ಶಬ್ಬಾತ್. ಆ ದಿನ ಹಾಲು ಕರೆಯುವುದು ಕೆಲಸ, ಕೆಲಸ ನಿಷಿದ್ಧ. ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿದು ಹಸು ಒರಲುತ್ತದೆ. ಮೂಕಪ್ರಾಣಿಯನ್ನು ನೋಯಿಸುವುದೂ ನಿಷಿದ್ಧವೇ. ಈ ಎರಡರ ನಡುವೆ ಧರ್ಮಗುರುಗಳಾದ ರಬ್ಬಿಗಳು ಹುಡುಕಿಕೊಟ್ಟ ಕಿರಿದಾದ ಸಂದಿ ಇದು. ನೋವು ಇಳಿಸುವುದಕ್ಕಾಗಿ ಕರೆಯಬಹುದು, ಆದರೆ ಆ ಹಾಲು ಯಾರ ಬಾಯಿಗೂ ಹೋಗಬಾರದು. ಆ ಸಂದಿಯಲ್ಲಿ ಮೂರು ವರ್ಷದಿಂದ ಸಿಕ್ಕಿಕೊಂಡಿದ್ದವಳು ಟಿರ್ಜಾ ಒಬ್ಬಳೇ.

ಆಗ ಅವಳಿಗೆ ಮೂವತ್ತೆಂಟು. ಹುಟ್ಟಿದ್ದು ಜರ್ಮನಿಯ ಹೆಸ್ಸೆ ಸೀಮೆಯ ಒಂದು ಹಳ್ಳಿಯಲ್ಲಿ, ದನದ ವ್ಯಾಪಾರಿಯ ಮಗಳಾಗಿ. ಅಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಕೊಟ್ಟಿಗೆಯ ಕಡೆ ತಲೆ ಹಾಕುತ್ತಿರಲಿಲ್ಲ. ಪಕ್ಕದ ಮನೆಯ ಕ್ರೈಸ್ತ ಹೆಂಗಸು ಕತ್ರೀನಾ ಬಂದು ಕರೆದು, ಹಾಲನ್ನು ತನ್ನ ಮನೆಗೇ ಒಯ್ಯುತ್ತಿದ್ದಳು. "ಆರು ದಿನ ನಾನು ದನದ ವ್ಯಾಪಾರಿ ಕಣಮ್ಮಾ. ಈವತ್ತೊಂದು ದಿನ ಬರೀ ಮನುಷ್ಯ" ಎಂದು ಅಪ್ಪ ಒಗೆದ ಅಂಗಿ ತೊಟ್ಟು ಕಿಟಕಿಯ ಬಳಿ ಕೂರುತ್ತಿದ್ದರು. ಯಾರೂ ಅವರಿಗೆ ಬೆಲೆ ಕೇಳುವಂತಿರಲಿಲ್ಲ, ಅವರೂ ಯಾರ ಹಸುವಿನ ಹಲ್ಲು ಎಣಿಸುವಂತಿರಲಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಟಿರ್ಜಾ ಹಡಗು ಹತ್ತಿ, ಯಹೂದಿಗಳು ಹೊಸದಾಗಿ ನೆಲೆಯೂರುತ್ತಿದ್ದ ಈ ನಾಡಿಗೆ ಬಂದಳು. ಅಪ್ಪ ಬರಲಿಲ್ಲ. ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಅವರ ಕಾಗದಗಳು ನಿಂತುಹೋದವು.

ಬೆತ್ ಶೆಆನ್ ಕಣಿವೆಯ ಆ ಕಿಬ್ಬುತ್ಸಿನಲ್ಲಿ ಎಲ್ಲರ ದುಡಿಮೆ ಒಂದೇ ಕಣಜಕ್ಕೆ, ಎಲ್ಲರ ಊಟ ಒಂದೇ ಪಂಕ್ತಿಯಲ್ಲಿ. ಪ್ರಾರ್ಥನೆ ಬಿಡದವರು ಕಟ್ಟಿಕೊಂಡ ಊರು ಅದು. ಮೊದಮೊದಲು ಶಬ್ಬಾತ್ ದಿನ ಹಾಲು ಕರೆಯಲು ಪಕ್ಕದ ಅರಬ್ ಹಳ್ಳಿಯಿಂದ ಅಬೂ ನಾಯಿಫ್ ಎಂಬ ಮುದುಕ ಬರುತ್ತಿದ್ದ. ನಲವತ್ತೆಂಟರ ಯುದ್ಧದಲ್ಲಿ ಆ ಹಳ್ಳಿ ಖಾಲಿಯಾಯಿತು. ಮುದುಕ ನದಿಯಾಚೆ ಹೋದನೆಂದರು, ಅದಕ್ಕಿಂತ ಹೆಚ್ಚು ಯಾರೂ ವಿಚಾರಿಸಲಿಲ್ಲ. ಆ ವಾರದ ಸಭೆಯಲ್ಲಿ ಕಿಬ್ಬುತ್ಸಿನ ಕಾರ್ಯದರ್ಶಿ ಗೆರ್ಶೋನ್ ಎದ್ದು ನಿಂತು, ನಮ್ಮದೇ ನೆಲದಲ್ಲಿ ಬದುಕುವವರು ನಮ್ಮ ಶಬ್ಬಾತನ್ನು ಬೇರೆಯವರ ಕೈಯಲ್ಲಿ ಇಡುವುದು ಇನ್ನು ಸಲ್ಲದು, ನಾವೇ ಕರೆಯೋಣ, ನೆಲಕ್ಕೆ ಕರೆಯೋಣ ಎಂದ. ಎಲ್ಲರೂ ತಲೆಯಾಡಿಸಿದರು. ಯಾರು ಕರೆಯುತ್ತೀರಿ ಎಂದು ಕೇಳಿದಾಗ ಎಲ್ಲರೂ ಮೇಜಿನ ಮೇಲಿನ ಗೆರೆ ನೋಡತೊಡಗಿದರು. ಕೊನೆಗೆ ಟಿರ್ಜಾ ಕೈಯೆತ್ತಿದಳು. "ಎರಡು ವಾರದ ಮಟ್ಟಿಗೆ" ಎಂದೂ ಸೇರಿಸಿದಳು. ನಡಾವಳಿ ಪುಸ್ತಕದಲ್ಲಿ ಅವಳ ಹೆಸರು ಬಂತು, ಎರಡು ವಾರ ಎಂಬುದು ಬರಲಿಲ್ಲ.

ಅವಳ ಗಂಡ ಹಿಂದೆಯೇ ಮಲೇರಿಯಾದಿಂದ ತೀರಿಕೊಂಡಿದ್ದ. ಮಗಳು ಹೆಮ್ದಾಗೆ ಎಂಟು ವರ್ಷ, ಊರಿನ ಎಲ್ಲ ಮಕ್ಕಳಂತೆ ಹೆತ್ತವರಿಂದ ಬೇರೆಯಾಗಿ ಮಕ್ಕಳ ಮನೆಯಲ್ಲೇ ಮಲಗುತ್ತಿದ್ದಳು. ಶಬ್ಬಾತ್ ದಿನ ಮಾತ್ರ ತಾಯಿ ಮಕ್ಕಳು ಇಡೀ ಹಗಲು ಜೊತೆಗಿರಬಹುದು. ಹೆಮ್ದಾಳ ತಾಯಿಗೆ ಬೆಳಗ್ಗೆ ಮೂರು ತಾಸು, ಮಧ್ಯಾಹ್ನ ಮೂರು ತಾಸು ಕೊಟ್ಟಿಗೆಯಲ್ಲೇ ಕಳೆಯುತ್ತಿತ್ತು. ಉಳಿದ ಹೊತ್ತಿನಲ್ಲಿ ಪ್ರಾರ್ಥನಾ ಮಂದಿರದ ಹಿಂದಿನ ಬೆಂಚಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಒಮ್ಮೆ ಹೆಮ್ದಾ ಮೂಗು ಮುಚ್ಚಿಕೊಂಡು, "ಎಲ್ರ ಅಮ್ಮಂದಿರೂ ಈವತ್ತು ಸೋಪಿನ ವಾಸನೆ ಬರ್ತಾರೆ. ನೀನು ಮಾತ್ರ ಹುಳಿ ಹಾಲಿನ ವಾಸನೆ" ಎಂದಳು. ಟಿರ್ಜಾ ಮೊಣಕೈವರೆಗೆ ತಿಕ್ಕಿ ತೊಳೆದು ಬಂದವಳು. ಮತ್ತೊಮ್ಮೆ ಹೋಗಿ ತೊಳೆದಳು. ವಾಸನೆ ಹೋಗಲಿಲ್ಲ.

ಅವಳು ಗೆರ್ಶೋನನ ಬಳಿ ಹೋಗದೆ ಇರಲಿಲ್ಲ. ಅವನು ಕೆಟ್ಟವನಲ್ಲ. ಲೈಪ್‌ಜಿಗ್‌ನಲ್ಲಿ ವಕೀಲಿ ಓದುತ್ತಿದ್ದವನು, ಯಾವ ತಂಟೆಯನ್ನೂ ಕಾಗದ ಬರೆದೇ ಬಗೆಹರಿಸಬಹುದೆಂದು ನಂಬಿದ್ದವನು.

"ಹಾಲು ಕರೆಯೋ ಮೆಷಿನ್ ಬರ್ತಿದೆ ಟಿರ್ಜಾ. ಹೈಫಾ ಬಂದರಿನಲ್ಲಿದೆ. ಅದು ಬಂದ್ರೆ ಗಡಿಯಾರಾನೇ ಕರೆಂಟ್ ಹಾಕುತ್ತೆ, ಮನುಷ್ಯರ ಕೈ ಸೋಕಲ್ಲ, ಆ ಹಾಲು ಕುಡೀಬಹುದು ಅಂತ ರಬ್ಬಿಗಳೇ ಒಪ್ಪಿದಾರೆ."

"ಹೋದ ಪಾಸ್ಕಾ ಹಬ್ಬದಲ್ಲೂ ಬಂದರಿನಲ್ಲೇ ಇತ್ತು."

"ಸುಂಕದವರು ಯಾವುದೋ ಒಂದು ಕಾಗದ ಕೇಳ್ತಿದಾರೆ."

"ಅಲ್ಲೀವರೆಗೆ ಬೇರೆ ಯಾರಾದ್ರೂ ಒಂದೊಂದು ಶಬ್ಬಾತ್ ಬರಬಹುದಲ್ಲ?"

ಗೆರ್ಶೋನ್ ಕನ್ನಡಕ ತೆಗೆದು ಒರೆಸಿದ. "ನಿನ್ನಷ್ಟು ಚೆನ್ನಾಗಿ ಕರೆಯೋರು ಯಾರಿದಾರೆ ಹೇಳು? ಅದೂ ಅಲ್ಲದೆ, ಉಳಿದವರಿಗೆ ಸಂಸಾರ ಇದೆ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅದಕ್ಕೆ ಉತ್ತರ ಮರುದಿನ ಮಲ್ಕಾಳ ಪಕ್ಕೆಗೆ ಹಣೆಯಿಟ್ಟಾಗ ಸರಾಗವಾಗಿ ಬಂತು. ಹಸು ಕಿವಿ ಅಲ್ಲಾಡಿಸಿತು.

ಐವತ್ತೊಂದರ ಬೇಸಿಗೆ. ಊರಿಗೆಲ್ಲ ಪಡಿತರ. ಮಕ್ಕಳ ಮನೆಯಲ್ಲೂ ಹಾಲು ತಲೆಗೆ ಒಂದು ಲೋಟ, ಉಳಿದದ್ದೆಲ್ಲ ಪೇಟೆಗೆ. ರಸ್ತೆಯಾಚೆ, ಇರಾಕಿನಿಂದ ಬಂದಿಳಿದವರಿಗಾಗಿ ಗುಡಾರಗಳ ಸಾಲು ಎದ್ದಿತ್ತು. ಒಂದು ಶಬ್ಬಾತ್ ಮಧ್ಯಾಹ್ನ ಅಲ್ಲಿಂದ ಒಬ್ಬ ಹೆಂಗಸು ನಾಲ್ಕು ವರ್ಷದ ಮಗಳನ್ನು ನಡೆಸಿಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಹೆಸರು ಅಸ್ಮರ್. ಕುರ್ದಿ ಬೆಟ್ಟಗಳ ಯಹೂದಿ ಹಳ್ಳಿಯವಳು, ದನ ಕಾಯ್ದು ಬೆಳೆದವಳು. ಅವಳಿಗೆ ಬರುತ್ತಿದ್ದ ಹೀಬ್ರೂ ಪ್ರಾರ್ಥನೆಯದು ಮಾತ್ರ, ಅದರಲ್ಲೇ ಸಂತೆಯ ಮಾತನ್ನೂ ಆಡುತ್ತಿದ್ದಳು.

"ಇದೇನು ತಾಯಿ, ಹಾಲನ್ನ ಮೋರಿಗೆ ಕರೀತಾ ಇದೀಯ! ತಲೆ ನೆಟ್ಟಗಿದೆ ತಾನೆ?"

ಟಿರ್ಜಾ ತಿರುಗದೆಯೇ, "ಈವತ್ತು ಶಬ್ಬಾತ್" ಎಂದಳು.

"ಶಬ್ಬಾತ್ ನಂಗೂ ಗೊತ್ತು. ನಮ್ಮೂರಿಗೂ ವಾರಕ್ಕೊಂದು ಸಲ ಬರ್ತಿತ್ತು. ಕರುಗಳೆಲ್ಲಿ?"

"ಬೇರೆ ಇಡ್ತೀವಿ. ಹುಟ್ಟಿದ ಮಾರನೇ ದಿನದಿಂದ ಬಾಟ್ಲೀಲಿ ಕುಡೀತವೆ."

"ಬಾಟ್ಲೀಲಿ!" ಅಸ್ಮರ್ ಕೆನ್ನೆಗೆ ಕೈಯಿಟ್ಟುಕೊಂಡಳು. "ತಾಯಿ ಇದ್ದೂ ಬಾಟ್ಲಿ. ಕರು ಬಿಟ್ರೆ ಆಗಲ್ವೇನವ್ವಾ? ನಾವು ಶುಕ್ರವಾರ ಸಂಜೆ ಕರು ಬಿಚ್ಚಿಬಿಡ್ತಿದ್ವಿ. ಅದು ಕುಡೀತದೆ, ತಾಯಿ ನೋವು ಇಳೀತದೆ, ನಾನು ಕಾಲು ಚಾಚ್ಕೊಂಡು ಕೂತಿರ್ತೀನಿ. ದನಕ್ಕೂ ಬಿಡುವು ಕೊಡು ಅಂತ ತಾನೆ ದೇವರು ಹೇಳಿರೋದು? ಇಲ್ಲಿ ದನಕ್ಕೂ ಇಲ್ಲ, ನಿಂಗೂ ಇಲ್ಲ."

"ನಿಮ್ಮ ಬೆಟ್ಟದ ಹಸು ಒಂದು ತಂಬಿಗೆ ಕೊಡ್ತಿತ್ತು. ಇವು ಒಂದು ಹೊತ್ತಿಗೆ ಹತ್ತು ಲೀಟರ್ ಕೊಡ್ತವೆ" ಎಂದು ಟಿರ್ಜಾ ಸಿಡುಕಿದಳು. ಸಿಡುಕಿದ್ದು ಅಸ್ಮರಳ ಮೇಲಲ್ಲ. ಅವಳ ಮಗಳು ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಿಳಿಯ ಹರಿವನ್ನೇ ನೋಡುತ್ತಿದ್ದಳು. ಅದನ್ನು ನೋಡಲಾಗದೆ ಟಿರ್ಜಾ, "ನಾಳೆ ಬಾ. ಒಂದು ಪಾತ್ರೆ ಹಾಲು ಕೊಡ್ತೀನಿ, ನನ್ನ ಪಾಲಿಂದು" ಎಂದಳು.

"ಬೇಡೋಕೆ ಬಂದಿಲ್ಲವ್ವಾ. ವರ್ಷ ಆಯ್ತು ಹಸು ಮುಟ್ಟಿ. ಮುಟ್ಟೋಕೆ ಬಂದೆ."

ಅವಳು ಮಲ್ಕಾಳ ಗಂಗೆದೊಗಲು ನೀವಿ, ಮಗಳ ಕೈ ಹಿಡಿದು ಹೊರಟೇಹೋದಳು. ಆದರೆ ಮಾತು ಉಳಿಯಿತು. ಮೂರು ದಿನ ಟಿರ್ಜಾ ಲೆಕ್ಕ ಹಾಕಿದಳು. ಒಂದು ಕರು ಸಾಲದಿದ್ದರೆ ಎರಡು ಬಿಡಬಹುದಲ್ಲ? ಬುಧವಾರ ತಾನೇ ಗುಡಾರಗಳ ಸಾಲಿಗೆ ಹೋಗಿ ಅಸ್ಮರಳನ್ನು ಕರೆತಂದಳು.

ಗೆರ್ಶೋನ್ ನೆಟ್ಟಗೆ ಕೂತು ಕೇಳಿದ. ಧರ್ಮಕ್ಕೆ ಅಡ್ಡಿಯಿಲ್ಲ, ಕರು ಕುಡಿಯುವುದು ಯಾರ ಕೆಲಸವೂ ಅಲ್ಲ ಎಂದು ಒಪ್ಪಿದ. ಅಡ್ಡಿ ಬಂದದ್ದು ಬೇರೆ ಕಡೆಯಿಂದ. "ಈ ಹೆಂಗಸಿಗೆ ಕೂಲಿ ಕೊಡೋ ಹಾಗಿಲ್ಲ. ಕೂಲಿಯಾಳು ಇಟ್ಕೊಳ್ಳೋದು ನಮ್ಮ ತತ್ವಕ್ಕೆ ವಿರುದ್ಧ."

ಅದನ್ನು ಅಸ್ಮರಳಿಗೆ ತಿಳಿಸಿ ಹೇಳಲು ಟಿರ್ಜಾಗೆ ಅರ್ಧ ಗಂಟೆ ಹಿಡಿಯಿತು. ಕೇಳಿ ಅವಳು ಹೊಟ್ಟೆ ಹಿಡಿದು ನಕ್ಕಳು. "ಹಾಲು ಚೆಲ್ಲೋದು ತತ್ವಕ್ಕೆ ಸರಿಹೋಗ್ತದಾ? ಹೋಗ್ಲಿ ಬಿಡು. ಕೂಲಿ ಬೇಡ, ಕೆಲಸ ಕೊಡು. ಗುಡಾರದಲ್ಲಿ ಕೂತು ಕೂತು ಮೈಯೆಲ್ಲ ಗೆದ್ದಲು ಹಿಡೀತಿದೆ."

ಮೂರು ವಾರ ಇಬ್ಬರೂ ಕರುಗಳಿಗೆ ಮೊಲೆ ಹಿಡಿಸಿದರು. ಬಾಟ್ಲಿಗೆ ಒಗ್ಗಿದ ಕರುಗಳಿಗೆ ತಾಯಿಯೆಂದರೆ ಏನೆಂದೇ ಗೊತ್ತಿರಲಿಲ್ಲ, ಅವು ಟಿರ್ಜಾಳ ಬೆರಳು ಚೀಪಲು ಓಡಿ ಬರುತ್ತಿದ್ದವು. ಹಸುಗಳಿಗೂ ಕರು ಮರೆತುಹೋಗಿತ್ತು. ಮಲ್ಕಾ ಒದ್ದ ಒದೆಗೆ ಒಂದು ಕರು ಗೋಡೆಗೆ ಹೋಗಿ ಬಿತ್ತು. ಅಸ್ಮರ್ ಹಸುವಿನ ಮುಂದೆ ನಿಂತು ತನ್ನ ಭಾಷೆಯಲ್ಲಿ ಬೈಯುತ್ತ, ಅದರ ಕೊರಳು ತುರಿಸುತ್ತ, ಹಿಂದಿನಿಂದ ಮಗಳ ಕೈಲಿ ಕರು ನೂಕಿಸುತ್ತಿದ್ದಳು. ಕೊನೆಗೆ ಏಳು ಹಸುಗಳು ಒಪ್ಪಿದವು. ಕರು ಬಾಯಿ ಹಾಕಿದೊಡನೆ ತೊರೆ ಬಿಟ್ಟವು.

ಆ ಶಬ್ಬಾತ್ ಬೆಳಗ್ಗೆ ಟಿರ್ಜಾ ಏಳು ಹಸುಗಳ ಹಿಂದೆ ಕೈಕಟ್ಟಿ ನಿಂತಳು. ಕರುಗಳ ಬಾಯಲ್ಲಿ ನೊರೆ, ಬಾಲಗಳು ಪಟಪಟ. ಉಳಿದ ಒಂಬತ್ತನ್ನು ನೆಲಕ್ಕೆ ಕರೆದರೂ ಪ್ರಾರ್ಥನೆಯ ಹೊತ್ತಿಗೆ ಎಚ್ಚರವಾಗಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಹಾಡಿಗೆ ದನಿಗೂಡಿಸಿದಳು.

ಭಾನುವಾರ ಒಂದು ಕರು ಮೇಲೇಳಲಿಲ್ಲ. ಮಿತಿಮೀರಿ ಕುಡಿದು ಹೊಟ್ಟೆ ಉಬ್ಬಿಕೊಂಡಿತ್ತು. ಟಿರ್ಜಾ, ಅಸ್ಮರ್ ಇಬ್ಬರೂ ಅದರ ಪಕ್ಕೆ ತಿಕ್ಕಿದರು, ಗಂಟಲಿಗೆ ಎಣ್ಣೆ ಇಳಿಸಿದರು. ಮಂಗಳವಾರ ಅದು ಸತ್ತಿತು. ಒಳ್ಳೆಯ ತಳಿಯ ಹೆಣ್ಣುಗರು, ಎರಡು ವರ್ಷ ಕಳೆದರೆ ಹಾಲು ಕೊಡಬೇಕಾಗಿದ್ದದ್ದು.

"ಪ್ರಯೋಗ ಸಾಕು. ಮೆಷಿನ್ ಬರೋವರೆಗೆ ಮೊದಲಿನ ಹಾಗೇ ನಡೀಲಿ" ಎಂದ ಗೆರ್ಶೋನ್, ಆ ವಾರ ಕರೆದ ಸಭೆಯಲ್ಲಿ.

"ಒಂದು ಕರು ಸತ್ತಿದ್ದಕ್ಕೆ ಸಭೆ ಕರೀತೀರಿ. ನೂರೈವತ್ತು ಶಬ್ಬಾತ್ ಹಾಲು ಮೋರಿಗೆ ಹೋಯ್ತಲ್ಲ, ಅದಕ್ಕೆ ಒಂದು ಸಭೆ ಕರೆದ್ರಾ?"

"ಕೋಪ ಮಾಡ್ಕೋಬೇಡ ಟಿರ್ಜಾ."

"ಮೊದಲ ಸಲಕ್ಕೆ ನಾಲ್ಕು ಹಸುಗೆ ಬಿಟ್ರೆ ಸಾಕು, ಕರು ಎಷ್ಟು ಕುಡೀತಾವೆ ಅಂತ ನೋಡ್ಕೋಬಹುದು ಅಂತ ಅಸ್ಮರ್ ಹೇಳಿದ್ಲು. ಏಳಕ್ಕೂ ಬಿಟ್ಟಿದ್ದು ನಾನು. ನನಗೇ ಆತುರ" ಎಂದಳು ಟಿರ್ಜಾ. ಅವಳ ಕಣ್ಣು ತುಂಬಿದ್ದು ಕೋಪಕ್ಕೋ ದುಃಖಕ್ಕೋ ಅವಳಿಗೂ ತಿಳಿಯಲಿಲ್ಲ. ಮುಂದಿನ ಶಬ್ಬಾತಿಗೆ ಹದಿನಾರು ಹಸುಗಳ ಹಾಲೂ ಮತ್ತೆ ನೆಲಕ್ಕೇ ಬಿತ್ತು.

ಚಳಿಗಾಲದಲ್ಲಿ ಮೆಷಿನ್ ಬಂತು. ಲಾರಿಯಿಂದ ಇಳಿಸುವಾಗ ಮಕ್ಕಳು ಚಪ್ಪಾಳೆ ತಟ್ಟಿದರು, ಗೆರ್ಶೋನ್ ಗೋಡೆಗೆ ಗಡಿಯಾರವನ್ನು ತಾನೇ ಕೈಯಾರೆ ಬಿಗಿದ. ಏರ್ಪಾಡು ಹೀಗಿತ್ತು: ಕರೆಂಟ್ ಇಲ್ಲದಾಗ ನಾಲ್ಕು ಹಸುಗಳ ಮೊಲೆಗೆ ಹಾಲೆಳೆಯುವ ಬಟ್ಟಲು ಸಿಕ್ಕಿಸಬೇಕು. ಗಡಿಯಾರ ತಾನಾಗಿ ಕರೆಂಟ್ ಹಾಕಿ ಏಳು ನಿಮಿಷಕ್ಕೆ ತಾನಾಗಿ ಆರಿಸುತ್ತದೆ. ಆರಿದ ನಾಲ್ಕೇ ನಿಮಿಷದಲ್ಲಿ ಬಟ್ಟಲು ಬಿಚ್ಚಿ, ಮುಂದಿನ ನಾಲ್ಕು ಹಸುಗಳಿಗೆ ಸಿಕ್ಕಿಸಬೇಕು. ತಡವಾದರೆ ಗಡಿಯಾರ ಕಾಯುವುದಿಲ್ಲ, ಕರೆಂಟ್ ಬಂದ ಮೇಲೆ ಮುಟ್ಟುವಂತಿಲ್ಲ. ನೆಲಕ್ಕೆ ಕರೆಯುವಾಗ ಸೊಂಟ ಹಿಡಿದರೆ ಎದ್ದು ಒಂದು ಗಳಿಗೆ ನಿಲ್ಲಬಹುದಿತ್ತು. ಈಗ ಅದೂ ಇಲ್ಲ. ಮೊದಲ ಶಬ್ಬಾತ್ ಬೆಳಗ್ಗೆ ಟಿರ್ಜಾ ಗಡಿಯಾರದ ಮುಳ್ಳು ನೋಡುತ್ತ ಹಸುವಿನಿಂದ ಹಸುವಿಗೆ ಓಡಿ ಬೆವತುಹೋದಳು.

ಗೆರ್ಶೋನ್ ಪ್ರಾರ್ಥನೆಯ ಶಾಲು ಹೊದ್ದೇ ಬಂದು ತುಂಬಿದ ಕ್ಯಾನುಗಳನ್ನು ನೋಡಿದ. ಅವನ ಮುಖ ಮಗುವಿನದಾಗಿತ್ತು. "ನೋಡು ಟಿರ್ಜಾ! ಒಂದು ಹನಿನೂ ಚೆಲ್ಲಿಲ್ಲ!"

"ಹಾಲು ಉಳೀತು ಗೆರ್ಶೋನ್. ನನ್ನ ಶಬ್ಬಾತ್ ಎಲ್ಲಿ?"

ಅವನಿಗೆ ಅರ್ಥವಾಗಲಿಲ್ಲ. ತಮಾಷೆ ಎಂದುಕೊಂಡು ನಕ್ಕ.

ಆ ನಗು ಅವಳನ್ನು ಕೆಣಕಿತು. ಶಬ್ಬಾತ್ ಮುಗಿದ ಮೇಲೆ ಸಭೆಯಲ್ಲಿ ಎದ್ದು ನಿಂತು, ಇನ್ನು ಮುಂದೆ ಸರದಿ ಆಗಲಿ, ಎಲ್ಲರೂ ಮೆಷಿನ್ ಕಲಿಯಲಿ, ಕಾರ್ಯದರ್ಶಿಯೂ ಸೇರಿ ಎಂದಳು. ಸಭೆ ಚರ್ಚಿಸಿತು. ಉಪಸಮಿತಿ ಮಾಡೋಣ ಎಂದರು. ಮುಂದಿನ ವಾರ ಉಪಸಮಿತಿಯ ಒಬ್ಬನಿಗೆ ನೆಗಡಿ. ಅದರ ಮುಂದಿನ ವಾರ ಕಿತ್ತಳೆ ಕೊಯ್ಲಿನ ಮಾತೇ ಹೊತ್ತು ತಿಂದಿತು. ಟಿರ್ಜಾ ಮತ್ತೆ ಎದ್ದು ನಿಂತು, "ಬರೋ ಶಬ್ಬಾತ್ ನಾನು ಹೋಗಲ್ಲ. ಈಗಲೇ ಹೇಳಿದೀನಿ, ಆಮೇಲೆ ಹೇಳಲಿಲ್ಲ ಅನ್ಬೇಡಿ" ಎಂದಳು. ಯಾರೂ ನಂಬಲಿಲ್ಲ. ಹಸು ಒರಲಿದರೆ ಅವಳಿಂದ ತಡೆಯಲಾಗದೆಂದು ಎಲ್ಲರಿಗೂ ಗೊತ್ತಿತ್ತು.

ಶಬ್ಬಾತ್ ಬಂತು. ಬೆಳಕು ಹರಿಯಿತು. ಟಿರ್ಜಾ ಮಂಚದ ಮೇಲೆ ಎದ್ದು ಕೂತಿದ್ದಳು. ಮೊದಲು ಒಂದು ಹಸು ಕೂಗಿತು, ಆಮೇಲೆ ಇನ್ನೊಂದು. ಯಾವುದು ಯಾರ ದನಿಯೆಂದು ಅವಳಿಗೆ ಗೊತ್ತು. ಅರ್ಧ ಗಂಟೆಯಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯೇ ಒರಲತೊಡಗಿತು. ಅವಳ ಬೆರಳುಗಳು ತಾವಾಗಿಯೇ ಮಡಚಿ ಬಿಚ್ಚುತ್ತಿದ್ದವು. ನೋಯುತ್ತಿರುವುದು ಹಸುಗಳಿಗೆ, ಅವು ಮಾಡಿದ ತಪ್ಪೇನು? ಗೆರ್ಶೋನನ ಹಟಕ್ಕೆ ಮಲ್ಕಾ ಯಾಕೆ ಒರಲಬೇಕು? ಅಥವಾ ಇದು ತನ್ನದೇ ಹಟವೋ? ಎರಡು ಸಲ ಬೂಟಿಗೆ ಕಾಲು ಹಾಕಿ ಎರಡು ಸಲವೂ ತೆಗೆದಳು. ಮೂರನೆಯ ಸಲ ತೆಗೆಯಲಿಲ್ಲ.

ಅವಳು ಬಾಗಿಲಿಗೆ ಬಂದಾಗ ಕೊಟ್ಟಿಗೆಯಲ್ಲಿ ಆಗಲೇ ಜನರಿದ್ದರು. ಗೆರ್ಶೋನ್ ಶಬ್ಬಾತಿನ ಬಿಳಿ ಅಂಗಿಯಲ್ಲೇ ಸಗಣಿಯ ಮೇಲೆ ಮೊಣಕಾಲೂರಿ ಕೂತಿದ್ದ. ಬಡಗಿ, ಅಡುಗೆಮನೆಯವನು, ಮಕ್ಕಳ ಮನೆಯ ಉಪಾಧ್ಯಾಯಿನಿ, ಎಲ್ಲರೂ ಒಂದೊಂದು ಹಸುವಿನ ಕೆಳಗೆ. ಬಟ್ಟಲು ಸಿಕ್ಕಿಸಲು ಬಾರದೆ ಗಡಿಯಾರದ ಸರದಿ ತಪ್ಪಿಹೋಗಿತ್ತು, ಎಲ್ಲರೂ ಕೈಯಲ್ಲೇ ನೆಲಕ್ಕೆ ಕರೆಯುತ್ತಿದ್ದರು. ಕರೆಯುವುದೇನು, ಹಿಂಡುತ್ತಿದ್ದರು. ಗೆರ್ಶೋನನ ಕನ್ನಡಕದ ಒಂದು ಗಾಜು ಒಡೆದಿತ್ತು.

"ಟಿರ್ಜಾ, ಬಾ, ಬೇಗ ಬಾ!"

ಅವಳು ಹೊಸಿಲು ದಾಟಲಿಲ್ಲ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೆರಳ ತುದೀಲಿ ಎಳೀಬೇಡ. ಮುಷ್ಟಿ ಮಾಡು. ಮೇಲಿನ ಬೆರಳಿಂದ ಒತ್ತುತ್ತಾ ಬಾ."

"ಆಗ್ತಿಲ್ಲ ಮಾರಾಯ್ತಿ!"

"ಆಗುತ್ತೆ. ಹಣೆ ಆನಿಸ್ಕೋ, ಆಗ ಒದೆಯಲ್ಲ."

ಎರಡೂವರೆ ಗಂಟೆ ಅವಳು ಹಾಗೇ ನಿಂತು ಹೇಳಿಕೊಟ್ಟಳು. ಸುಮ್ಮನೆ ನಿಂತದ್ದು ಕರೆದದ್ದಕ್ಕಿಂತ ಹೆಚ್ಚು ದಣಿಸಿತು. ಮಲ್ಕಾಳ ಒಂದು ಮೊಲೆಗೆ ಆಮೇಲೆ ಕೆಚ್ಚಲು ಬಾವು ಬಂದು, ವಾಸಿಯಾಗಲು ಹತ್ತು ದಿನ ಹಿಡಿಯಿತು. ಅದನ್ನು ಆರೈಕೆ ಮಾಡಿದ್ದೂ ಟಿರ್ಜಾಳೇ. ಬಿಸಿನೀರಿನ ಬಟ್ಟೆ ಒತ್ತುವಾಗ ಅವಳು ಹಸುವಿನ ಮುಖ ನೋಡಲಿಲ್ಲ.

ಮರುವಾರ ಸರದಿಯ ಪಟ್ಟಿ ಊಟದ ಮನೆಯ ಗೋಡೆಗೆ ಬಂತು. ಟಿರ್ಜಾಳೂ ಸೇರಿ ನಾಲ್ಕು ಜನ, ತಿಂಗಳಿಗೊಂದೊಂದು ಶಬ್ಬಾತ್. ಗೆರ್ಶೋನನ ಹೆಸರು ಎರಡನೆಯದು. ಮೆಷಿನ್ ಕಲಿಸುವ ಕೆಲಸಕ್ಕೆ ಅಸ್ಮರಳನ್ನು ಕರೆಯಿರಿ ಎಂದು ಟಿರ್ಜಾ ಕೇಳಿದ್ದಕ್ಕೆ ಉತ್ತರ ಮಾತ್ರ ಹಿಂದಿನದೇ, ತತ್ವ. ಅಷ್ಟರಲ್ಲಿ ಅಸ್ಮರಳ ಮನೆಯವರಿಗೆ ದೂರದ ಬೇರೊಂದು ಊರಿನಲ್ಲಿ ತಗಡಿನ ಮನೆ ಸಿಕ್ಕಿತು. ಹೊರಡುವ ದಿನ ಅವಳು ಕೊಟ್ಟಿಗೆಗೆ ಬಂದು, "ಕಾಲು ಚಾಚಿ ಕೂತ್ಕೊಳ್ಳೋದು ಕಲಿ ತಾಯಿ. ಅದಕ್ಕೂ ಅಭ್ಯಾಸ ಬೇಕು" ಎಂದು ಹೇಳಿ ಲಾರಿ ಹತ್ತಿದಳು.

ಟಿರ್ಜಾಳ ಮೊದಲ ಬಿಡುವಿನ ಶಬ್ಬಾತ್ ನಿದ್ದೆಯಲ್ಲೇ ಕಳೆಯಿತು. ಶುಕ್ರವಾರದ ದೀಪ ಹಚ್ಚಿ ಊಟ ಮಾಡಿ ಮಲಗಿದವಳಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಮೂರು ನಕ್ಷತ್ರ ಮೂಡಿದ್ದವು. ಶಬ್ಬಾತ್ ಮುಗಿದ ಗುರುತು ಅದು, ದಿನ ಕಳೆದುಹೋಗಿತ್ತು. ಹೆಮ್ದಾ ಎರಡು ಸಲ ಬಂದು ನೋಡಿ ಹೋಗಿದ್ದಳಂತೆ. ಮೂರೂವರೆ ವರ್ಷ ಕಾದ ದಿನವನ್ನು ಗೊರಕೆ ಹೊಡೆದು ಕಳೆದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮುಂದಿನದಕ್ಕೆ ಬೇಗ ಎದ್ದಳು. ಹೆಮ್ದಾಳನ್ನು ಕರೆದುಕೊಂಡು ಮೀನಿನ ಕೊಳದ ಏರಿಯ ಮೇಲೆ ಹೋಗಿ ಕೂತಳು. ಐದು ನಿಮಿಷಕ್ಕೆ ಎದ್ದು ನಿಂತಳು, ಮತ್ತೆ ಕೂತಳು. ಹುಲ್ಲು ಕಿತ್ತಳು. ಕೀಳುವುದೂ ನಿಷಿದ್ಧವೆಂದು ನೆನಪಾಗಿ ಕೈ ಹಿಂದೆಗೆದಳು.

"ಏನಮ್ಮಾ ನೀನು, ಒಂದು ಕಡೆ ಕೂರಲ್ವಾ?" ಎಂದಳು ಹೆಮ್ದಾ.

"ಕೂತಿದೀನಲ್ಲ."

"ಇಲ್ಲ, ನೀನು ಆ ಕಡೆ ಕಿವಿ ಕೊಟ್ಕೊಂಡು ಕೂತಿದೀಯ."

ನಿಜ. ಕೊಟ್ಟಿಗೆಯಲ್ಲಿ ಬಡಗಿಯ ಸರದಿ. ಮೆಷಿನ್ ಸದ್ದು ನಿಂತು ನಾಲ್ಕು ನಿಮಿಷಕ್ಕಿಂತ ಹೆಚ್ಚಾಗಿತ್ತು. ಎಲ್ಲೋ ಬಟ್ಟಲು ಜಾರಿರಬೇಕು. ಟಿರ್ಜಾ ಹಲ್ಲು ಕಚ್ಚಿ, ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಹೆಮ್ದಾ ಅವಳ ಭುಜಕ್ಕೆ ಒರಗಿ, ಶಾಲೆಯಲ್ಲಿ ಯಾರು ಯಾರನ್ನು ತಳ್ಳಿದರು, ಯಾರು ಅತ್ತರು ಎಂದು ಶುರುಮಾಡಿದಳು. ಅದು ಬಹಳ ಉದ್ದನೆಯ ಕತೆ. ಅರ್ಧ ಕೇಳುವ ಹೊತ್ತಿಗೆ ಮೆಷಿನ್ ಮತ್ತೆ ಶುರುವಾಯಿತೋ ಇಲ್ಲವೋ, ಟಿರ್ಜಾಗೆ ಹೇಳಲು ಬರುತ್ತಿರಲಿಲ್ಲ.